ಹಿಂದಿನ ಗಾಜಿನ ಮೇಲೊಂದು ಗೆರೆ

ನಮ್ಮ ಯಜಮಾನರ ಹೆಸರು ಏಕಾಂತಯ್ಯ. ಹೆಸರಿಗೂ ಆಸಾಮಿಗೂ ಒಂದು ಕಾಲಕ್ಕೆ ಸಂಬಂಧವೇ ಇರಲಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಹಾಲು ತರುವುದಕ್ಕೆ ಹೋದರೆ ಆ ಹಾಲು ಒಡೆಯುವ ಹೊತ್ತಿಗೆ ಮನೆ ಸೇರುತ್ತಿದ್ದರು. ದಾರಿಯಲ್ಲಿ ಸಿಕ್ಕವರೆಲ್ಲ ಹಳೆಯ ಶಿಷ್ಯರು, ಇಲ್ಲವೇ ಶಿಷ್ಯರ ಅಪ್ಪಂದಿರು. ಗೇಟಿನ ಹತ್ತಿರ ನಿಂತು ಅವರನ್ನು ಬೈದುಕೊಳ್ಳುವುದು ನನಗೆ ದಿನದ ಕೆಲಸವಾಗಿತ್ತು. ಈಗ ನೆನೆಸಿಕೊಂಡರೆ, ಹಾಲು ಒಡೆದರೂ ಚಿಂತೆಯಿಲ್ಲ, ಮನುಷ್ಯ ಹಾಗೇ ಇರಬಾರದಿತ್ತೇ ಅನ್ನಿಸುತ್ತದೆ.

ಅವರ ಗೆರೆಯ ವಿಷಯ ಹೇಳಲೇಬೇಕು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಸ್ಕೇಲಿಲ್ಲದೆ ಎಳೆಯುತ್ತಿದ್ದರು. ಅವರು ಆಚೆ ಹೋದ ಮೇಲೆ ಹುಡುಗರು ಸ್ಕೇಲ್ ಇಟ್ಟು ನೋಡುತ್ತಿದ್ದರಂತೆ, ಎಲ್ಲಾದರೂ ಡೊಂಕು ಸಿಕ್ಕೀತು ಅಂತ. ಸಿಗುತ್ತಿರಲಿಲ್ಲ. ನಾವು ಬೋಗಾದಿಯಲ್ಲಿ ಮನೆ ಕಟ್ಟಿಕೊಂಡು ಬಂದಾಗ ಸುತ್ತಲೂ ಬರೀ ಖಾಲಿ ಸೈಟು. ಒಂದೊಂದೇ ಮನೆ ಎದ್ದ ಹಾಗೆ ಮಾಲೀಕರು ಬಂದು, "ಮೇಷ್ಟ್ರೇ, ಮನೆ ಹೆಸರು ಬರ್ಕೊಡಿ" ಅನ್ನುತ್ತಿದ್ದರು. ಕರಿಕಲ್ಲಿನ ಮೇಲೆ ಇವರು ಸೀಮೆಸುಣ್ಣದಲ್ಲಿ ಬರೆದರೆ, ಆ ಗುರುತಿನ ಮೇಲೆ ಕಲ್ಲುಕುಟಿಗ ಉಳಿ ಹಿಡಿಯುತ್ತಿದ್ದ. ನಮ್ಮ ಕ್ರಾಸಿನ ಹಳೆಯ ಮನೆಗಳ ಮೇಲೆಲ್ಲ ಇವರ ಅಕ್ಷರವೇ ಇದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಬಟ್ಟೆಯ ಮೇಲಿನ ನನ್ನ ಚಾಕಿನ ಗೆರೆಗೂ ಹೆಸರಿಡದೆ ಬಿಡುತ್ತಿರಲಿಲ್ಲ. "ನಿನ್ ಗೆರೆ ನೋಡುದ್ರೆ ಗಿರಾಕಿ ತೋಳೇ ಡೊಂಕು ಅನ್ಕೋಬೇಕು ಕಣೇ" ಅನ್ನುತ್ತಿದ್ದರು. ನಾನು ಕತ್ತರಿ ತೋರಿಸುತ್ತಿದ್ದೆ.

ಎರಡು ವರ್ಷದ ಕೆಳಗೆ ಬಲಗೈ ನಡುಗುವುದಕ್ಕೆ ಶುರುವಾಯಿತು. ಡಾಕ್ಟರು ನೋಡಿ, ಇದು ಕೆಟ್ಟ ಕಾಯಿಲೆಯಲ್ಲ, ಕೆಲವರಿಗೆ ವಯಸ್ಸಾದ ಮೇಲೆ ಹೀಗಾಗುತ್ತದೆ, ಮಾತ್ರೆಗೆ ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗುವುದಿಲ್ಲ ಅಂದರು. ಕೆಟ್ಟ ಕಾಯಿಲೆಯಲ್ಲ ಅಂದದ್ದು ನನಗೆ ಕೇಳಿಸಿತು. ಪೂರ್ತಿ ಹೋಗುವುದಿಲ್ಲ ಅಂದದ್ದು ಇವರಿಗೆ ಕೇಳಿಸಿತು. ಮನೆಗೆ ಬಂದವರೇ ಬ್ರಶ್ಶುಗಳನ್ನೆಲ್ಲ ತೊಳೆದು, ಒಣಗಿಸಿ, ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಮನೆ ಹೆಸರು ಬರೆಸಲು ಬಂದವರಿಗೆ, "ಈಗೆಲ್ಲ ಕಂಪ್ಯೂಟರಲ್ಲಿ ಚೆನ್ನಾಗ್ ಮಾಡ್ತಾರೆ, ಅಲ್ಲೇ ಮಾಡ್ಸಿ" ಅಂದು ಕಳಿಸಿದರು. ಬೀದಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಕೈ ಜುಬ್ಬಾದ ಜೇಬಿನಲ್ಲಿರುತ್ತಿತ್ತು. ಯಾರಾದರೂ ಮನೆಗೆ ಬಂದರೆ ತಮಗೆ ಕಾಫಿ ಬೇಡ ಅನ್ನುತ್ತಿದ್ದರು, ಅವರು ಹೋದ ಮೇಲೆ ಅಡುಗೆಮನೆಗೆ ಬಂದು ಕೇಳಿ ಕುಡಿಯುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ಆಗಿಬಿಟ್ಟರು ನಮ್ಮ ಏಕಾಂತಯ್ಯನವರು.

ನನಗೆ ಇದ್ದದ್ದು ಒಂದೇ ಆಸೆ. ಈ ಮನುಷ್ಯ ಮತ್ತೆ ಒಂದು ಸಲ ಬ್ರಶ್ ಹಿಡಿಯಬೇಕು. ಚಿತ್ರ ಚೆನ್ನಾಗಿ ಬರಲಿ ಬಿಡಲಿ, ಹಿಡಿದರೆ ಸಾಕಿತ್ತು. ಹೇಳಿ ನೋಡಿದೆ, ರೇಗಿ ನೋಡಿದೆ, ಅಟ್ಟದಿಂದ ಬ್ರಶ್ ಇಳಿಸಿ ಕಣ್ಣಿಗೆ ಕಾಣುವ ಹಾಗೂ ಇಟ್ಟೆ. ಮಾರನೆಯ ಬೆಳಿಗ್ಗೆ ಅವು ಮತ್ತೆ ಅಟ್ಟದ ಮೇಲಿದ್ದವು.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ಲಾಸ್ಯ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಮೊದಲನೆಯ ಶಿಫ್ಟಾದ್ದರಿಂದ ಬೆಳಕು ಹರಿಯುವ ಮುಂಚೆ ಹೊರಡಬೇಕು. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಳು. ಅದರ ಹಿಂದಿನ ಗಾಜಿನ ಒಳಮೈಯಲ್ಲಿ ಅಡ್ಡಡ್ಡಕ್ಕೆ ಕಂದು ಬಣ್ಣದ ಸಣ್ಣ ಗೆರೆಗಳಿದ್ದವು. ಬಟನ್ ಒತ್ತಿದರೆ ಗೆರೆಗಳಲ್ಲಿ ಕರೆಂಟು ಹರಿದು ಗಾಜು ಬೆಚ್ಚಗಾಗುತ್ತದೆ, ಗಾಜಿಗೆ ಹಿಡಿದ ಮಂಜು ಹೋಗಿ ಹಿಂದೆ ಬರುವ ಗಾಡಿ ಕಾಣುತ್ತದೆ. ಇದೆಲ್ಲ ನಮಗೆ ಆಮೇಲೆ ಗೊತ್ತಾಗಿದ್ದು. ನಾನು ಅದನ್ನು ಅಂದಕ್ಕೆ ಹಾಕಿದ ಡಿಸೈನ್ ಅಂದುಕೊಂಡಿದ್ದೆ.

ಕಾರಿನ ಪೂಜೆಗೆ ಅಂತ ನಮ್ಮ ಮಠಕ್ಕೆ ಹೋದಾಗ ಗುರುಗಳ ಫೋಟೊ ಇರುವ ದೊಡ್ಡ ಸ್ಟಿಕರ್ ಕೊಟ್ಟರು. ಲೋಕದಲ್ಲಿ ಎಲ್ಲರೂ ಅದನ್ನು ಗಾಜಿನ ಹೊರಗಡೆ ಅಂಟಿಸುತ್ತಾರೆ. ನಮ್ಮ ಮೇಷ್ಟ್ರು ಒಪ್ಪಲಿಲ್ಲ.

"ಹೊರಗಡೆ ಹಾಕಿದ್ರೆ ಗುರುಗಳ ಮುಖಕ್ಕೆ ಕೆಸರು ಹಾರುತ್ತೆ. ಕಾರು ತೊಳೆಯೋನು ಕೊಳೆ ಬಟ್ಟೇಲಿ ಉಜ್ಜುಬುಡ್ತಾನೆ. ಒಳಗಡೆಯೇ ಇರ್ಲಿ, ನಮ್ಮನ್ನ ನೋಡ್ತಾ ಇರ್ಲಿ" ಅಂದರು.

ಹಾಗೇ ಆಯಿತು. ಲಾಸ್ಯಳ ಕೈಯಲ್ಲಿ ಒಳಗಡೆ ಹಾಕಿಸಿದರು, ಗುರುಗಳು ಸೀಟಿನ ಕಡೆಗೆ ಮುಖ ಮಾಡಿಕೊಂಡು ಕೂತರು. ಹೊರಗಿನಿಂದ ನೋಡಿದವರಿಗೆ ಬರೀ ಬಿಳಿಯ ಹಾಳೆ ಕಾಣುತ್ತಿತ್ತು. ಕೆಲವು ತಿಂಗಳು ಹಾಗೇ ಓಡಾಡಿದೆವು. ಒಂದು ದಿನ ಒಂಟಿಕೊಪ್ಪಲಿಗೆ ಮದುವೆಗೆ ಹೋಗುವಾಗ, ಹಿಂದಿನ ಸೀಟಿನಲ್ಲಿ ಕೂತಿದ್ದ ನನಗೆ ಫಕ್ಕನೆ ಹೊಳೆಯಿತು.

"ಏನ್ರೀ, ನಾವೆಲ್ಲ ಗುರುಗಳಿಗೆ ಬೆನ್ನು ಹಾಕ್ಕೊಂಡು ಕೂತಿದೀವಲ್ರೀ!"

ಮೇಷ್ಟ್ರು ತಿರುಗಿ ನೋಡಿದರು. ಮುಖ ಇಂಗು ತಿಂದ ಮಂಗನ ಹಾಗಾಯಿತು. ಮದುವೆ ಮನೆಯಲ್ಲಿ ಒಬ್ಬಟ್ಟನ್ನೂ ಸರಿಯಾಗಿ ತಿನ್ನಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಬೆನ್ನು ತೋರಿಸಬಾರದು ಅಂತ ಒಂದು ಮಗ್ಗುಲಾಗಿ ಕೂತಿದ್ದರು. ಲಾಸ್ಯ ನಕ್ಕು ನಕ್ಕು ಸಾಕಾಗಿ, "ಅಪ್ಪಾ, ತೆಗೆದುಬಿಡಿ, ನಂಗೂ ಹಿಂದೆ ಏನೂ ಕಾಣಲ್ಲ" ಅಂದಳು.

ಅಂಟಿಸಿದ್ದನ್ನು ತೆಗೆಯುವುದು ಅಷ್ಟು ಸುಲಭವಾಗಿರಲಿಲ್ಲ. ಬ್ಲೇಡು ಬೇಕು, ಆದರೆ ಗುರುಗಳ ಮುಖಕ್ಕೆ ಬ್ಲೇಡು ಹಾಕುವುದು ಹೇಗೆ? ಮೇಷ್ಟ್ರು ಯಾರನ್ನೂ ಹತ್ತಿರ ಸೇರಿಸದೆ ತಾವೇ ಕೂತರು. ಬಿಸಿ ಸೋಪಿನ ನೀರಲ್ಲಿ ನೆನೆಸಿ, ಮುಖದ ಭಾಗವನ್ನು ಬೆರಳಲ್ಲೇ ನಯವಾಗಿ ಬಿಡಿಸಿಕೊಂಡು ದೇವರ ಕೋಣೆಗೆ ತಂದಿಟ್ಟರು. ಉಳಿದದ್ದು ಬಿಸಿಲಿಗೆ ಬೆಂದು ಗಾಜಿಗೆ ಕಚ್ಚಿಕೊಂಡಿತ್ತು. ಅದಕ್ಕೆ ಪಾದದ ಕಡೆಯಿಂದ, "ತಪ್ಪಾಯ್ತು ಗುರುಗಳೇ, ತಪ್ಪಾಯ್ತು" ಅನ್ನುತ್ತಾ ಬ್ಲೇಡು ಹಾಕಿದರು. ಗಾಜು ಕನ್ನಡಿಯ ಹಾಗೆ ಹೊಳೆಯಿತು. ಅವತ್ತು ಎಲ್ಲರೂ ಸಂತೋಷವಾಗಿದ್ದೆವು.

ಧನುರ್ಮಾಸ ಬಂತು. ಬೆಳಗಿನ ಜಾವ ಬೀದಿಯ ಕೊನೆಯ ಮನೆ ಕಾಣದಷ್ಟು ಮಂಜು. ಲಾಸ್ಯ ಬಟನ್ ಒತ್ತಿದರೆ ಗಾಜಿನ ಮೇಲುಗಡೆ ಮಾತ್ರ ತಿಳಿಯಾಗುತ್ತದೆ, ಕೆಳಗಿನ ಅರ್ಧ ಬಿಳುಪಾಗೇ ಇರುತ್ತದೆ. ಒಂದು ದಿನ ರಿವರ್ಸ್ ತೆಗೆಯುವಾಗ ಪೇಪರ್ ಹಾಕುವವನ ಸೈಕಲ್ಲಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ವರ್ಕ್‌ಶಾಪಿನಲ್ಲಿ ನೋಡಿ, ಗೆರೆಗಳನ್ನು ಯಾರೋ ಬ್ಲೇಡಿನಲ್ಲಿ ಕುಯ್ದಿದ್ದಾರೆ, ಇಡೀ ಗಾಜು ಬದಲಾಯಿಸಬೇಕು ಅಂದರಂತೆ.

"ಬಿಡಿ ಅಪ್ಪಾ, ಬಟ್ಟೇಲಿ ಒರೆಸ್ಕೊಂಡು ಹೋಗ್ತೀನಿ" ಅಂದಳು ಲಾಸ್ಯ. ಅವಳು ಹಗುರವಾಗೇ ಹೇಳಿದ್ದು. ಇವರು ಹಗುರವಾಗಿ ತೆಗೆದುಕೊಳ್ಳಲಿಲ್ಲ. ರೂಮಿಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಊಟಕ್ಕೆ ಕರೆಯಲು ಹೋದಾಗ, "ಬ್ಲೇಡು ನೆಟ್ಟಗೆ ನಿಲ್ಲಲಿಲ್ಲ ಕಣೇ. ಸೈಕಲ್ಲಿನೋನಿಗೆ ಏನಾದ್ರೂ ಆಗಿದ್ರೆ?" ಅಂದರು. ಯಾರ ಕೈಯಾದರೂ ಅಂಟಿನ ಜೊತೆ ಗೆರೆ ಕಿತ್ತುಬರುತ್ತಿತ್ತು ಅಂತ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಅನ್ನ ಕಲಸುವುದಕ್ಕೂ ಆ ಕೈ ಬೇಡ ಅನ್ನುವ ಹಾಗೆ ಚಮಚ ತೆಗೆದುಕೊಂಡು ಎಡಗೈಯಲ್ಲಿ ತಿಂದರು. ನನಗೆ ಅವತ್ತು ನಿಜವಾಗಿ ಭಯವಾಯಿತು. ಹೀಗೇ ಬಿಟ್ಟರೆ ಮನುಷ್ಯ ಎದ್ದು ಬಾಗಿಲಿಗೂ ಬರುವುದಿಲ್ಲ ಅನ್ನಿಸಿತು.

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಸಿದ್ದೇಶ್ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಅವನ ಹೆಂಡತಿ ಬ್ಲೌಸ್ ಕೊಡಲು ಬಂದಾಗ ನಾನು ಈ ಕತೆಯನ್ನೆಲ್ಲ ಹೇಳಿಕೊಂಡೆ. ಸಂಜೆ ಅವನೇ ಕೆಳಗಿಳಿದು ಬಂದ.

"ಗಾಜು ಯಾಕಮ್ಮ ಬದಲಾಯ್ಸಬೇಕು? ಬೆಳ್ಳಿ ಪುಡಿ ಬೆರ್ಸಿರೋ ಪೇಂಟು ಬರುತ್ತೆ, ನೇಲ್ ಪಾಲಿಶ್ ಥರ ಸಣ್ಣ ಬಾಟ್ಲಿ. ಗೆರೆ ಎಲ್ಲಿ ಕಡ್ದಿದ್ಯೋ ಅಲ್ಲಿ ಹಚ್ಚಿದ್ರೆ ಕರೆಂಟು ದಾಟ್ಕೊಂಡ್ ಹೋಗುತ್ತೆ. ಮನೇಲೇ ಮಾಡ್ಬೋದು. ತರ್ಸಿ, ನಾನು ಹಚ್ಚಿಕೊಡ್ತೀನಿ."

"ತರುಸ್ತೀನಿ. ಆದ್ರೆ ಬ್ರಶ್ ಮಾತ್ರ ನೀನು ಮುಟ್ಟಬೇಡ ಕಣಪ್ಪ" ಅಂದೆ. ಸಿದ್ದೇಶ್ ನನ್ನ ಮುಖ ನೋಡಿದ. ಅವನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ.

ಭಾನುವಾರ ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಹೂಡಿದೆವು. ಹಿಂದಿನ ಸೀಟನ್ನು ಮಡಚಿ, ಹಳೆಯ ಕಂಬಳಿ ಹಾಸಿದೆ. ಸಿದ್ದೇಶ್ ಕರೆಂಟು ನೋಡುವ ಮೀಟರ್ ತಂದು, ಅದರ ಕಡ್ಡಿಯನ್ನು ಗೆರೆಯ ಉದ್ದಕ್ಕೂ ಓಡಿಸುತ್ತಾ, ಮುಳ್ಳು ಎಲ್ಲಿ ಬೀಳುತ್ತದೋ ಅಲ್ಲೆಲ್ಲ ಗಾಜಿನ ಹೊರಗಡೆ ಸ್ಕೆಚ್ ಪೆನ್ನಿನಲ್ಲಿ ಚುಕ್ಕೆ ಇಟ್ಟ. ಸ್ಪಿರಿಟ್ಟಿನಲ್ಲಿ ಒರೆಸಿದ. ಕಡಿದ ಜಾಗದ ಮೇಲೊಂದು ಕೆಳಗೊಂದು ಟೇಪು ಅಂಟಿಸಿ, ನಡುವೆ ಗೆರೆಯಷ್ಟೇ ಜಾಗ ಬಿಟ್ಟ. ಅಷ್ಟು ಮಾಡಿ ಆಚೆ ಬಂದು, "ಮೇಷ್ಟ್ರೇ, ಮಿಕ್ಕಿದ್ದು ನಿಮ್ಮದು" ಅಂದ.

ಮೇಷ್ಟ್ರು ಜಗಲಿಯ ಮೇಲೆ ಕೂತು ನೋಡುತ್ತಿದ್ದವರು ತಬ್ಬಿಬ್ಬಾದರು.

"ನೀನೇ ಹಚ್ಚುಬುಡಪ್ಪ, ನಿಂಗೆ ಗೊತ್ತಿರೋ ಕೆಲ್ಸ."

"ನಂಗೆ ವೈರ್ ಸುತ್ತೋಕೆ ಬರುತ್ತೆ ಮೇಷ್ಟ್ರೇ, ಬ್ರಶ್ ಹಿಡ್ದೋನಲ್ಲ."

"ಪ್ರೇಮಾ, ನೀನಾದ್ರೂ ಬಾ" ಅಂತ ನನ್ನನ್ನು ಕರೆದರು.

"ನಾನು ಈ ಡಿಕ್ಕಿಯೊಳಗೆ ನುಗ್ಗಿದ್ರೆ ಆಮೇಲೆ ನನ್ನನ್ನ ಆಚೆಗೆ ತೆಗೆಯೋಕೆ ಕ್ರೇನ್ ತರುಸ್ಬೇಕಾಗುತ್ತೆ. ನೀವೇ ಹೋಗ್ರೀ, ಸಣ್ಣಗಿದೀರಿ" ಅಂದೆ.

ಲಾಸ್ಯ ನಗು ತಡೆಯಲಾರದೆ ಒಳಗೆ ಹೋದಳು. ಇವರಿಗೆ ಬೇರೆ ದಾರಿ ಉಳಿಯಲಿಲ್ಲ. ಜುಬ್ಬಾದ ತೋಳು ಮಡಚಿಕೊಂಡು ಒಳಗೆ ತೂರಿ, ಕಂಬಳಿಯ ಮೇಲೆ ಒರಗಿ, ಬಾಟಲಿ ತೆಗೆದರು. ಬ್ರಶ್ ನಡುಗುತ್ತಲೇ ಇತ್ತು. ಮೊದಲನೆಯ ಜಾಗದಲ್ಲಿ ಪೇಂಟು ಟೇಪಿನ ಮೇಲೆಲ್ಲ ಹರಡಿತು. ಸಿದ್ದೇಶ್ ಮೆಲ್ಲಗೆ ಟೇಪು ಕಿತ್ತಾಗ, ಹರಡಿದ್ದೆಲ್ಲ ಟೇಪಿನ ಜೊತೆ ಬಂದು ಗಾಜಿನ ಮೇಲೆ ನೆಟ್ಟನೆಯ ಗೆರೆ ಉಳಿಯಿತು. ಎರಡನೆಯದೂ ಹಾಗೇ ಆಯಿತು, ಮೂರನೆಯದೂ.

"ನೋಡಿದ್ರಾ, ಎಷ್ಟು ಚೆನ್ನಾಗ್ ಬಂದಿದೆ!" ಅಂದೆ.

"ಅದು ಟೇಪಿನ ಗೆರೆ ಕಣೇ. ನಂದಲ್ಲ" ಅಂದರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ ಹೇಳಿದರು.

ಕೊನೆಯದು ಉಳಿದಿತ್ತು, ಗಾಜಿನ ಕೆಳಗಿನ ಮೂಲೆಯಲ್ಲಿ. ಬ್ಲೇಡು ಎಲ್ಲಕ್ಕಿಂತ ಹೆಚ್ಚು ಅಲ್ಲೇ ಓಡಾಡಿದ್ದರಿಂದ ಗೆರೆ ಅರ್ಧ ಗೇಣಿನಷ್ಟು ಉದ್ದಕ್ಕೆ ಮಾಯವಾಗಿತ್ತು. ಗಾಜು ಅಲ್ಲಿ ಬಾಗಿತ್ತು, ಟೇಪು ಸುಕ್ಕುಗಟ್ಟಿ ಎದ್ದೆದ್ದು ಬರುತ್ತಿತ್ತು. ಸಿದ್ದೇಶ್ ಮತ್ತೆ ಮತ್ತೆ ಅಂಟಿಸಿ ಸೋತ.

"ಇಲ್ಲಿ ಟೇಪು ನಿಲ್ಲಲ್ಲ ಮೇಷ್ಟ್ರೇ. ಸುಮ್ನೆ ಹಂಗೇ ಎಳೀಬೇಕು."

ಮೇಷ್ಟ್ರು ಬ್ರಶ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರು. "ಇಷ್ಟು ಸಾಕು. ಇದೊಂದನ್ನ ಲಾಸ್ಯ ಎಳೀಲಿ" ಅಂದರು.

ನನಗೆ ತಡೆಯಲಾಗಲಿಲ್ಲ. ಸಿದ್ದೇಶ್ ಇದ್ದಾನೆ ಅನ್ನುವುದನ್ನೂ ನೋಡದೆ ಬಾಯಿಬಿಟ್ಟೆ.

"ಯಾಕ್ರೀ ಲಾಸ್ಯ? ನೀವು ಯಾಕಾಗ್ಬಾರದು? ಎರಡು ವರ್ಷದಿಂದ ನೋಡ್ತಾ ಇದೀನಿ. ಮೂಲೆ ಹಿಡ್ಕೊಂಡು ಕೂತುಬುಟ್ರಿ. ನೀವು ಕೂತಿದ್ದು ನೋಡಿ ನೋಡಿ ನನ್ನ ಹೊಟ್ಟೆ ಉರೀತದೆ. ಡೊಂಕಾದ್ರೆ ಆಗ್ಲಿ! ಇಲ್ಲಿ ಯಾರು ನಂಬರ್ ಹಾಕ್ತಾರೆ ನಿಮಗೆ?"

ಮೇಷ್ಟ್ರು ತಲೆ ಎತ್ತಲಿಲ್ಲ. ಸಿದ್ದೇಶ್ ಮೀಟರಿನ ವೈರು ಸುತ್ತುತ್ತಾ, "ಕರೆಂಟಿಗೆ ನೆಟ್ಟಗೆ ಯಾವ್ದು ಡೊಂಕು ಯಾವ್ದು ಅಂತ ಗೊತ್ತಾಗಲ್ಲ ಮೇಷ್ಟ್ರೇ. ನಡುವೆ ಎಲ್ಲೂ ಬಿಡಬಾರ್ದು, ಅಷ್ಟೆ" ಅಂದ.

ಎದುರಿನ ಕಟ್ಟಡದಲ್ಲಿ ಯಾರೋ ಟೈಲ್ಸ್ ಕುಯ್ಯುತ್ತಿದ್ದರು. ಮೇಷ್ಟ್ರು ಮತ್ತೆ ಮುಚ್ಚಳ ತೆಗೆದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಗಾಜಿನ ಹತ್ತಿರ ಒಯ್ದರು. ಹಾಗೆ ಹಿಡಿದರೆ ನಡುಕ ಇನ್ನೂ ಹೆಚ್ಚಾಯಿತು. ಕೊನೆಗೆ ಎಡಗೈ ಬಿಟ್ಟರು. ಬಲಗೈಯನ್ನು ಅದರ ಪಾಡಿಗೆ ಬಿಟ್ಟು ಎಳೆದರು. ಬ್ರಶ್ ಮೇಲೆ ಹೋಯಿತು, ಕೆಳಗೆ ಬಂತು, ಒಂದು ಕಡೆ ದಪ್ಪಗಾಯಿತು, ಒಂದು ಕಡೆ ನೂಲಿನಷ್ಟಾಯಿತು. ಆದರೆ ಗಾಜು ಬಿಟ್ಟು ಏಳಲಿಲ್ಲ. ಆ ಕಡೆಯ ಹಳೆಯ ಗೆರೆಗೆ ಹೋಗಿ ಮುಟ್ಟಿಯೇ ನಿಂತಿತು.

ನಾನು ಮೊದಲ ಸಲ ಮಿಷಿನ್ ತುಳಿದಾಗ ಬಿದ್ದ ಹೊಲಿಗೆ ಹೀಗೇ ಇತ್ತು. ಮೇಷ್ಟ್ರು ಅದನ್ನು ಒಂದು ಗಳಿಗೆ ನೋಡಿ, ಪಕ್ಕದಲ್ಲಿದ್ದ ಸ್ಪಿರಿಟ್ ಬಟ್ಟೆಗೆ ಕೈ ಹಾಕಿದರು. ನಾನು ಅದಕ್ಕಿಂತ ಮುಂಚೆ ಬಟ್ಟೆ ಕಿತ್ತುಕೊಂಡೆ.

"ಒರೆಸಿದ್ರೆ ನೋಡಿ!" ಅಂದು ಅದನ್ನು ತೆಗೆದುಕೊಂಡು ಒಳಗೆ ನಡೆದೆ. ಇನ್ನು ಅಲ್ಲಿ ನಿಂತರೆ ಅತ್ತುಬಿಡುತ್ತಿದ್ದೆ.

ಪೇಂಟು ಒಣಗುವವರೆಗೆ ಬಟನ್ ಒತ್ತಬಾರದು ಅಂತ ಸಿದ್ದೇಶ್ ಹೇಳಿದ್ದ. ಮೇಷ್ಟ್ರು ಸಂಜೆಯೆಲ್ಲ ಏನೋ ನೆಪ ಹುಡುಕಿಕೊಂಡು ಕಾರಿನ ಹತ್ತಿರ ಹೋಗಿ ಬರುತ್ತಿದ್ದರು. ಗಿಡಕ್ಕೆ ನೀರು ಹಾಕುತ್ತೇನೆ ಅಂದರು, ಗೇಟಿನ ಚಿಲಕ ನೋಡುತ್ತೇನೆ ಅಂದರು.

ಮಾರನೆಯ ಬೆಳಿಗ್ಗೆ ಮಂಜು ದಟ್ಟವಾಗಿ ಇಳಿದಿತ್ತು. ಲಾಸ್ಯ ಕಾರು ಸ್ಟಾರ್ಟ್ ಮಾಡುವ ಹೊತ್ತಿಗೆ ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ನಾನೂ ಶಾಲು ಹೊದ್ದು ಪಕ್ಕದಲ್ಲಿ ಕೂತೆ. ನಮ್ಮ ಉಸಿರಿಗೆ ಎಲ್ಲ ಗಾಜುಗಳೂ ಬೆಳ್ಳಗಾದವು. ಲಾಸ್ಯ ಬಟನ್ ಒತ್ತಿದಳು. ನಾವಿಬ್ಬರೂ ತಿರುಗಿ ಕೂತು ಕಾದೆವು.

ಮೊದಲು ಮೇಲಿನ ಗೆರೆಗಳ ಉದ್ದಕ್ಕೆ ಮಂಜು ಬಿಟ್ಟುಕೊಂಡಿತು. ಆಮೇಲೆ ಟೇಪು ಹಾಕಿ ಹಚ್ಚಿದ ಗೆರೆಗಳು ಒಂದರ ಹಿಂದೆ ಒಂದು ತಿಳಿಯಾದವು. ಕೆಳಗಿನದು ಮಾತ್ರ ಬೆಳ್ಳಗೆ ಹಾಗೇ ಇತ್ತು. ಕಾದೆವು. ಹಾಗೇ ಇತ್ತು.

"ಆಗ್ಲಿಲ್ಲ ಬುಡು. ನಾನು ಮೊದ್ಲೇ ಹೇಳ್ದೆ" ಅಂದರು ಮೇಷ್ಟ್ರು. ಬಾಗಿಲಿನ ಹಿಡಿಗೆ ಕೈ ಹಾಕಿದರು.

"ಇರೀ ಅಪ್ಪಾ, ಒಂದ್ನಿಮಿಷ" ಅಂದಳು ಲಾಸ್ಯ, ಕನ್ನಡಿಯಲ್ಲಿ ನೋಡುತ್ತಾ.

ಗಾಜಿನ ಆ ತುದಿಯಲ್ಲಿ ಸಣ್ಣದೊಂದು ಪಟ್ಟಿ ಕಪ್ಪಗೆ ಕಂಡಿತು. ಮೆಲ್ಲಗೆ ಈ ಕಡೆಗೆ ಉದ್ದವಾಯಿತು. ಮೇಷ್ಟ್ರು ಎಳೆದ ಜಾಗದಲ್ಲಿ ಮಂಜು ಕೂಡ ಅದರ ಹಾಗೇ ಮೇಲೆ ಕೆಳಗೆ ಸುತ್ತಿಕೊಂಡು ಕರಗಿತು. ನೋಡುತ್ತಾ ನೋಡುತ್ತಾ ಬೀದಿ ದೀಪದ ಬೆಳಕಿನಲ್ಲಿ ಎದುರಿನ ಕಟ್ಟಡದ ಮರಳಿನ ಗುಡ್ಡೆ, ಅದರ ಮೇಲೆ ಮುದುಡಿಕೊಂಡು ಮಲಗಿದ್ದ ನಾಯಿ, ಎಲ್ಲ ಕಂಡವು.

"ಪೂರ್ತಿ ಕಾಣ್ತಿದೆ ಅಪ್ಪಾ!" ಅಂದಳು ಲಾಸ್ಯ.

ಮೇಷ್ಟ್ರು ಬಾಗಿಲಿನ ಹಿಡಿಯಿಂದ ಕೈ ತೆಗೆದರು. ನಾನು ಅವರ ಮುಖ ನೋಡುವುದಕ್ಕೆ ಹೆದರಿ ನಾಯಿಯನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿ ಗಾಜಿನ ಮೇಲೆ ಏನೋ ಕಿರ್ರೆಂದ ಹಾಗಾಯಿತು. ತಿರುಗಿದೆ. ಅವರ ಪಕ್ಕದ ಬಾಗಿಲಿನ ಗಾಜು ಇನ್ನೂ ಬೆಳ್ಳಗೆ ಮಂಜು ಹಿಡಿದೇ ಇತ್ತು. ಅದರ ಮೇಲೆ ಮೇಷ್ಟ್ರು ಬಲಗೈಯ ತೋರುಬೆರಳಿನಲ್ಲಿ ಬರೆಯುತ್ತಿದ್ದರು. ಹಣೆ, ಮೂಗು, ತುರುಬು, ಹೊದ್ದ ಶಾಲು. ಬೆರಳು ನಡುಗುತ್ತಿತ್ತು, ಅವರು ನಿಲ್ಲಿಸುತ್ತಿರಲಿಲ್ಲ.

"ಏನ್ರೀ, ನನ್ನ ಮೂಗು ಇಷ್ಟು ಡೊಂಕಾ?" ಅಂದೆ.

"ಮೂಗು ನೆಟ್ಟಗೇ ಇದೆ ಕಣೇ, ಕೈ ಡೊಂಕು" ಅಂದರು, ತುರುಬಿಗೆ ಒಂದು ಹೂವಿಡುತ್ತಾ.

ಲಾಸ್ಯ ಹಿಂದೆ ತಿರುಗಿ ನೋಡಿದಳು. "ಅಯ್ಯೋ ಅಪ್ಪಾ, ನಾನು ಮೇಟಗಳ್ಳಿ ಮುಟ್ಟೋಷ್ಟ್ರಲ್ಲಿ ಅಳಿಸಿಹೋಗುತ್ತಲ್ಲ" ಅಂದಳು.

"ಹೋಗ್ಲಿ ಬುಡು. ನಾಳೆನೂ ಮಂಜ್ ಬೀಳುತ್ತೆ, ಇನ್ನೊಂದ್ ಬರೀತೀನಿ" ಅಂದರು ಮೇಷ್ಟ್ರು.